ಹನಿಯ ಮೂಲ

ಹಳೆಯ ಮಾರುತಿ ಓಮ್ನಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಒಂದು ಕಪ್ಪು ಕಲೆ. ಎಂಜಿನ್ ಆಯಿಲ್. 1984ರಲ್ಲಿ ರಸ್ತೆಗಿಳಿದು 2019ರವರೆಗೆ ತಯಾರಾದ ಈ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿದರೆ ಕೈಗೆ ಸಿಗುತ್ತದೆ. ಹಾಗಾಗಿ ಅಂಗಳದಲ್ಲೇ ರಿಪೇರಿಗೆ ಕೂರುವ ಧೈರ್ಯ ಬರುತ್ತದೆ.

ಹನಿ ಬಿದ್ದಲ್ಲೇ ಸೋರಿಕೆ ಎಂದು ಕಣ್ಣು ನಂಬಿಬಿಡುತ್ತದೆ. ಆದರೆ ಎಣ್ಣೆ ಮೇಲಿನಿಂದ ಇಳಿದು ಬರುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಕೆಳಗಿನ ಆಯಿಲ್ ಚೇಂಬರ್ ಒದ್ದೆಯಾಗಿದ್ದರೂ ಮೂಲ ಎಂಜಿನ್ನಿನ ಮೇಲ್ಭಾಗ ಮುಚ್ಚುವ ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗ್ ಆಗಿರಬಹುದು. ವರ್ಷಗಳ ಬಿಸಿಗೆ ಆ ರಬ್ಬರ್ ಗಟ್ಟಿಯಾಗಿ, ಒತ್ತಿ ಹಿಡಿಯುವ ಗುಣ ಕಳೆದುಕೊಂಡಿರುತ್ತದೆ.

ಅದಕ್ಕೇ ತಿಳಿದವರು ಸ್ಪ್ಯಾನರಿಗಿಂತ ಮೊದಲು ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. ತಣ್ಣಗಾದ ಎಂಜಿನ್ನನ್ನು ಚೆನ್ನಾಗಿ ಒರೆಸಿ, ಸ್ವಲ್ಪ ಓಡಿಸಿ, ಮತ್ತೆ ನೋಡುತ್ತಾರೆ. ಹೊಸದಾಗಿ ಒದ್ದೆಯಾದ ಎಲ್ಲಕ್ಕಿಂತ ಮೇಲಿನ ಜಾಗವನ್ನು ಹುಡುಕುತ್ತಾರೆ. ಈ ತಾಳ್ಮೆ ನನಗೆ ತುಂಬ ಇಷ್ಟ. ಆದರೆ ಮನೆಯಲ್ಲಿ ಯಾರೋ ಸಿಡುಕಿದಾಗ ನಾವು ಆ ಮಾತು ಬಿದ್ದ ಜಾಗವನ್ನೇ ತಿಕ್ಕುತ್ತೇವೆ. ನೋವು ಎಷ್ಟೋ ಸಲ ಎಲ್ಲೋ ಮೇಲೆ, ಹಿಂದಿನ ಯಾವುದೋ ದಿನದಲ್ಲಿ ಇರುತ್ತದೆ.

ರಿಪೇರಿಯ ಬಗ್ಗೆ ಇನ್ನೊಂದು ಮಾತು. ಹೊಸ ಪ್ಯಾಕಿಂಗ್ ಕೂರಿಸಿ ಬೋಲ್ಟನ್ನು ಅತಿಯಾಗಿ ಬಿಗಿದರೆ ಅದು ಹಿಸುಕಿಹೋಗಿ ಮತ್ತೆ ಸೋರುತ್ತದೆ. ಹದವಾಗಿ ಬಿಗಿಯಿರಿ. ಡಿಪ್‌ಸ್ಟಿಕ್ ನೋಡಿ, ಕಡಿಮೆಯಾದ ಆಯಿಲ್ ತುಂಬಿಸಿಯೇ ಗಾಡಿ ಹೊರಡಿಸಿ.