ವ್ಯಾನು ಬರುವ ಹೊತ್ತು

ಹೊನ್ನಾವರದ ಪೇಟೆಯ ಓಣಿ, ಜೂನ್ ತಿಂಗಳ ಮಳೆ. ಶಾಲೆಯ ವ್ಯಾನು ಹಾರನ್ ಹೊಡೆದರೆ ಟೈ ಕಟ್ಟಿದ ಹುಡುಗ ಓಡುತ್ತಾನೆ. ಪಕ್ಕದ ಮನೆಯ ಹುಡುಗಿ ಕೊಡೆ ಬಿಡಿಸಿ, ನೀರಲ್ಲಿ ಚಪ್ಪಲಿ ಚಪಚಪ ಅನ್ನಿಸುತ್ತ ಸರ್ಕಾರಿ ಶಾಲೆಗೆ ನಡೆಯುತ್ತಾಳೆ. ಅಮ್ಮಂದಿರಿಬ್ಬರೂ ಒಂದೇ ಬಾವಿಯ ನೀರು ಸೇದುವವರು. ಶಾಲೆಯ ಸುದ್ದಿ ಬಂದರೆ ಮಾತ್ರ ಹಗ್ಗ ಜಗ್ಗಾಟ.

"ಐದು ಕ್ಲಾಸಿಗೆ ಇಬ್ಬರೇ ಅಕ್ಕೋರು. ಒಬ್ಬರು ಮೀಟಿಂಗಿಗೆ ಹೋದರೆ ಮುಗೀತು."

"ಇರಲಿ ಮಾರಾಯ್ತಿ, ನನ್ನ ಮಗಳು ಭಾಗಾಕಾರದಲ್ಲಿ ಎಲ್ಲಿ ತಪ್ಪುತ್ತಾಳೆ ಅಂತ ಆ ಅಕ್ಕೋರಿಗೆ ಗೊತ್ತು. ನಿನ್ನ ಮಗನದ್ದು ಯಾರಿಗೆ ಗೊತ್ತು?"

ಇಬ್ಬರದೂ ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ 2 ಶಿಕ್ಷಕರು. ಮಕ್ಕಳು ಕಡಿಮೆಯಾದರೂ ತರಗತಿ ಐದೇ. ಅದನ್ನು ನೋಡಿ ಇನ್ನೊಂದು ಮನೆಯವರು ವ್ಯಾನು ಹತ್ತಿಸುತ್ತಾರೆ. 2019ರಲ್ಲಿ ರಾಜ್ಯ ಸರ್ಕಾರ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದದ್ದು ಈ ಓಟ ತಡೆಯಲಿಕ್ಕೇ. ಆದರೆ ಭಟ್ಕಳದಲ್ಲಿ ಮನೆಯಲ್ಲಿ ನವಾಯತಿ, ಕುಮಟೆಯಲ್ಲಿ ಕೊಂಕಣಿ ಆಡುವ ಮಗುವಿಗೆ ಕನ್ನಡವೂ ಶಾಲೆಯಲ್ಲೇ ಕಲಿಯುವ ಭಾಷೆ. ಅಲ್ಲಿ ಮಾಧ್ಯಮದ ಜಗಳ ಅಷ್ಟು ಸಲೀಸಲ್ಲ.

ನನ್ನನ್ನು ಕಾಡುವುದು ಬೇರೆ. 2001ರಿಂದ ಇರುವ ಎಸ್‌ಡಿಎಂಸಿ, ಅಂದರೆ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರಾಗಿ ಕೂರುವವರು ಅಲ್ಲೇ ಓದುವ ಮಕ್ಕಳ ತಂದೆ-ತಾಯಿ. ದೂರು ಹೇಳಬಲ್ಲವರು ದೂರುತ್ತಲೇ ಹೊರಟುಹೋದರು. ಉಳಿದ ತಾಯಿ ಸಭೆಗೆ ಬರಬೇಕೆಂದರೆ ಒಂದು ದಿನದ ಮೀನು ವ್ಯಾಪಾರ ಬಿಡಬೇಕು.

ಮೊನ್ನೆ ಆಕೆ ಬುಟ್ಟಿಯನ್ನು ಜಗಲಿಯ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಸಭೆಯೊಳಗೆ ಬಂದಳು. ಮೊದಲು ಕೇಳಿದ್ದು, ಸೋರುವ ಹೆಂಚಿನ ವಿಷಯ.