ಸೋಯಾ ಸಾರಿನಲ್ಲಿ ನಮ್ಮ ಪಾಲು



ಕಳಸದ ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವುದೇ ಕಷ್ಟ. ಮನೆಯ ಡಬ್ಬಿಯಲ್ಲಿ ಸೋಯಾ ಚಂಕ್ಸ್, ಅಂದರೆ ಮೀಲ್ ಮೇಕರ್ ಇದ್ದರೆ ಒಂದು ಧೈರ್ಯ. "ಅದು ಬರೀ ಹಿಂಡಿ" ಅಂತ ಕೆಲವರು ಮೂಗು ಮುರಿಯುತ್ತಾರೆ. ಸೋಯಾ ಅವರೆಯ ಎಣ್ಣೆ ತೆಗೆದು ಉಳಿದ ಹಿಟ್ಟಿನಿಂದಲೇ ಮಾಡುವುದು ನಿಜ. ಆದರೆ ಪ್ರೋಟೀನ್ ಉಳಿಯುವುದು ಆ ಹಿಟ್ಟಿನಲ್ಲೇ: 100 ಗ್ರಾಂ ಒಣ ಉಂಡೆಯಲ್ಲಿ ಸುಮಾರು 50 ಗ್ರಾಂ.

ನಾಲ್ಕು ಜನರಿಗೆ 50 ಗ್ರಾಂ ಸಾಕು. ತಲೆಗೊಂದು ಮೊಟ್ಟೆಯಷ್ಟು ಪ್ರೋಟೀನ್ ಸಿಗುತ್ತೆ. ಉಪ್ಪು ನೀರಿನಲ್ಲಿ 5 ನಿಮಿಷ ಕುದಿಸಿ, ತಣ್ಣೀರಲ್ಲಿ ಎರಡು ಸಲ ತೊಳೆದು ಗಟ್ಟಿಯಾಗಿ ಹಿಂಡಿದರೆ ವಾಸನೆ ಹೋಗುತ್ತೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಜೊತೆ ಹುರಿದು, ಕಾಯಿ, ಕೊತ್ತಂಬರಿ, ನಮ್ಮ ಕಾಳುಮೆಣಸು ಅರೆದು ಹಾಕಿ 10 ನಿಮಿಷ ಬೇಯಿಸಿ. ಕಡುಬಿಗೂ ಆಯ್ತು, ಅಕ್ಕಿರೊಟ್ಟಿಗೂ ಆಯ್ತು. ಆದರೆ ಬಿ12 ಜೀವಸತ್ವ ಇದರಲ್ಲಿಲ್ಲ. ಹಾಲು, ಮೊಟ್ಟೆ ಬಿಡಬೇಡಿ.

ತೋಟದಲ್ಲಿ ದುಡಿದು ಬಂದು ಎಲ್ಲರಿಗೂ ಬಡಿಸಿದ ಮೇಲೆ ನಮಗೆ ಉಳಿಯುವುದು ಬರೀ ರಸ. ಶಕ್ತಿ ಇರುವುದು ಉಂಡೆಯಲ್ಲಿ. ಇನ್ನು ಮುಂದೆ ಬಡಿಸುವ ಮೊದಲೇ ನಮ್ಮ ಪಾಲನ್ನೂ ಎತ್ತಿಡೋಣ.