ಗಡಿ ದಾಟುವ ಲಾರಿ, ಘಟ್ಟ ಕಾಯುವ ನಿಯಮ

(ಉಪನ್ಯಾಸದ ಪಠ್ಯ)



ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿರುವುದು ರಾಷ್ಟ್ರೀಯ ಹೆದ್ದಾರಿ 150ಎ. ಜೇವರ್ಗಿಯಿಂದ ಹೊರಡುವ ಈ ರಸ್ತೆ ಸಿಂಧನೂರಿನ ಮುಂದೆ ತುಂಗಭದ್ರೆಯನ್ನು ದಾಟಿ, ಸಿರುಗುಪ್ಪ, ಬಳ್ಳಾರಿ, ಹಿರಿಯೂರುಗಳ ಮೂಲಕ ಮೈಸೂರು ಸೀಮೆಗಿಳಿದು ಚಾಮರಾಜನಗರದಲ್ಲಿ ಕೊನೆಗೊಳ್ಳುತ್ತದೆ. ಬಯಲುಸೀಮೆಯ ರಸ್ತೆಯೊಂದರ ವಿಚಾರ ಮಲೆನಾಡಿನವರಿಗೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ನೀರಿನಲ್ಲಿದೆ. ತುಂಗೆಯೂ ಭದ್ರೆಯೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಆ ನೀರು ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಹರಿದು, ಸಿಂಧನೂರಿನ ಗದ್ದೆಗಳಲ್ಲಿ ಭತ್ತವಾಗುತ್ತದೆ. ಘಟ್ಟದಿಂದ ನೀರಾಗಿ ಇಳಿದದ್ದು ಅಕ್ಕಿಯಾಗಿ ಲಾರಿಯೇರಿ ದೂರದೂರಿಗೆ ಹೊರಡುತ್ತದೆ. ಆ ಲಾರಿ ರಾಜ್ಯದ ಗಡಿಯನ್ನೂ ಘಟ್ಟದ ಕಾಡನ್ನೂ ದಾಟಬೇಕು. ಎರಡೂ ಕಡೆ ಅದನ್ನು ನಿಲ್ಲಿಸುವ ನಿಯಮಗಳಿವೆ. ಅವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದೇ ಇಂದಿನ ವಿಷಯ.

ಈ ಸೀಮೆಗೆ ಗಡಿ ಹೊಸತಲ್ಲ. 1948ರವರೆಗೆ ತುಂಗಭದ್ರೆಯ ಉತ್ತರಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನ, ದಕ್ಷಿಣಕ್ಕೆ ಮದರಾಸು ಪ್ರಾಂತ. ಸಿಂಧನೂರು ಒಂದು ಆಡಳಿತದಲ್ಲಿ, ಹೊಳೆಯಾಚೆಯ ಸಿರುಗುಪ್ಪ ಇನ್ನೊಂದರಲ್ಲಿ. ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆಯಿತ್ತು. ಕರೋಡಗಿರಿ ಎಂದು ಕರೆಯಲ್ಪಡುತ್ತಿದ್ದ ಆ ಸುಂಕದ ಸಾಮಾನ್ಯ ದರ ಸರಕಿನ ಬೆಲೆಯ ನೂರಕ್ಕೆ 5ರಷ್ಟಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹೊಳೆಯ ಗಡಿ ಅಳಿಯಿತು. ಆದರೆ ಧಾನ್ಯಕ್ಕೆ ಬೇರೆ ಗಡಿಗಳು ಹುಟ್ಟಿಕೊಂಡವು. 1957ರಲ್ಲಿ ಆಂಧ್ರ, ಮದರಾಸು, ಮೈಸೂರು, ಕೇರಳಗಳನ್ನು ಸೇರಿಸಿ ದಕ್ಷಿಣ ಅಕ್ಕಿ ವಲಯವನ್ನು ರಚಿಸಲಾಯಿತು. ಅಕ್ಕಿ ವಲಯದೊಳಗೆ ಓಡಾಡಬಹುದಿತ್ತು, ಹೊರಗೆ ಹೋಗುವಂತಿರಲಿಲ್ಲ. 1964ರ ಆಹಾರದ ಬಿಕ್ಕಟ್ಟಿನ ಹೊತ್ತಿಗೆ ರಾಜ್ಯ ರಾಜ್ಯಗಳೇ ಪ್ರತ್ಯೇಕ ವಲಯಗಳಾದವು. ಕೊರತೆಯ ಕಾಲದಲ್ಲಿ ಪ್ರತಿ ಸರ್ಕಾರವೂ ಮೊದಲು ಬಾಗಿಲು ಹಾಕುತ್ತದೆಂಬುದು ಈ ಇತಿಹಾಸದ ಪಾಠ.

ಸಂವಿಧಾನದ 301ನೆಯ ವಿಧಿ ದೇಶದೊಳಗಿನ ವ್ಯಾಪಾರ ಮತ್ತು ಸಂಚಾರ ಮುಕ್ತವಾಗಿರಬೇಕೆನ್ನುತ್ತದೆ; 304ನೆಯ ವಿಧಿ ಸಾರ್ವಜನಿಕ ಹಿತಕ್ಕಾಗಿ ನ್ಯಾಯೋಚಿತ ನಿರ್ಬಂಧಗಳಿಗೆ ಅವಕಾಶ ಕೊಡುತ್ತದೆ. ಸುಗಮಗೊಳಿಸುವುದು, ನಿಯಂತ್ರಿಸುವುದು, ಎರಡನ್ನೂ ಸಂವಿಧಾನ ಜೊತೆಗೇ ಇಟ್ಟಿದೆ. 2010ರಲ್ಲಿ ಜಾರಿಗೆ ಬಂದ ಹೊಸ ರಾಷ್ಟ್ರೀಯ ಪರವಾನಗಿ ಪದ್ಧತಿಯಿಂದ ಲಾರಿಯೊಂದು ವರ್ಷಕ್ಕೊಮ್ಮೆ ಒಟ್ಟು ಶುಲ್ಕ ಕಟ್ಟಿ ದೇಶದಾದ್ಯಂತ ಓಡಾಡುವಂತಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಗಡಿ ಠಾಣೆಗಳು ಮುಚ್ಚಿದವು. ಕಾಗದದ ಮೇಲೆ ದಾರಿ ತೆರವಾಯಿತು.

ಆದರೂ ಭತ್ತದ ಲಾರಿ ಗಡಿಯಲ್ಲಿ ನಿಂತದ್ದುಂಟು. 2024ರ ಮುಂಗಾರಿನಲ್ಲಿ ‘ಎ’ ದರ್ಜೆಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 2,320 ರೂಪಾಯಿ. ತೆಲಂಗಾಣ ಸರ್ಕಾರ ಸಣ್ಣ ಭತ್ತಕ್ಕೆ ಇದರ ಮೇಲೆ 500 ರೂಪಾಯಿ ಬೋನಸ್ ಘೋಷಿಸಿತು. ಬೆಲೆ ಹೆಚ್ಚಿದ ಕಡೆಗೆ ಧಾನ್ಯ ಹರಿಯುವುದು ನೀರು ತಗ್ಗಿಗೆ ಹರಿದಷ್ಟೇ ಸಹಜ. ತನ್ನ ರೈತರಿಗಿಟ್ಟ ಹಣ ಹೊರಗಿನವರ ಪಾಲಾಗಬಾರದೆಂದು ಆ ಸರ್ಕಾರ ಗಡಿಯಲ್ಲಿ ತಪಾಸಣೆಗೆ ಮುಂದಾಯಿತು. ಅದರ ಕಾಳಜಿಯನ್ನು ತಪ್ಪೆನ್ನಲಾಗದು. ಆದರೆ ನಿಂತ ಲಾರಿಯೊಳಗೆ ಏನಾಗುತ್ತದೆಂಬುದನ್ನು ಕೃಷಿವಿಜ್ಞಾನ ಸ್ಪಷ್ಟವಾಗಿ ಹೇಳುತ್ತದೆ. ಯಂತ್ರದಿಂದ ಕೊಯ್ದ ಭತ್ತದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ತೇವಾಂಶವಿರುವುದು ಸಾಮಾನ್ಯ. ಬೆಂಬಲ ಬೆಲೆಯ ಖರೀದಿಗೆ 17ರ ಮಿತಿಯಿದೆ. ಸುರಕ್ಷಿತ ದಾಸ್ತಾನಿಗೆ 14ರ ಆಸುಪಾಸಿಗೆ ಇಳಿಯಬೇಕು. ಹಸಿ ಭತ್ತವೂ ಉಸಿರಾಡುತ್ತದೆ. ತಾಡಪಾಲಿನ ಕೆಳಗೆ ಒತ್ತೊತ್ತಾಗಿ ತುಂಬಿದಾಗ ಆ ಉಸಿರಿನ ಶಾಖ ಹೊರಹೋಗಲಾರದೆ ರಾಶಿ ಕಾಯುತ್ತದೆ, ಬೂಷ್ಟು ಹಿಡಿಯುತ್ತದೆ, ಕಾಳು ಹಳದಿಯಾಗುತ್ತದೆ. ನಾಲ್ಕು ತಿಂಗಳ ದುಡಿಮೆ ನಾಲ್ಕು ದಿನದ ನಿಲುಗಡೆಯಲ್ಲಿ ದರ್ಜೆ ಕಳೆದುಕೊಳ್ಳುತ್ತದೆ. ಆ ನಷ್ಟ ಕೊನೆಗೆ ರೈತನ ತಲೆಯ ಮೇಲೆಯೇ.

ಇನ್ನು ಲಾರಿ ಘಟ್ಟದತ್ತ ಬಂದಾಗ. ನಂಜನಗೂಡಿನಿಂದ 766ನೆಯ ಹೆದ್ದಾರಿ ಹಿಡಿದು ಗುಂಡ್ಲುಪೇಟೆ ದಾಟಿದರೆ ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶ, ಅದರಾಚೆ ವಯನಾಡು. ರಾತ್ರಿ ವಾಹನಗಳಿಗೆ ಸಿಲುಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. 2010ರ ಮಾರ್ಚಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಿಡಿಯಿತು. ಕೇರಳದ ಕಡೆಯವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ತುರ್ತುವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿಯಿದೆ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಬಳಸುದಾರಿಯಿದೆ. ಗಡಿಠಾಣೆಯ ನಿಲುಗಡೆಗೂ ಬಂಡೀಪುರದ ನಿಲುಗಡೆಗೂ ಇರುವ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಂಡೀಪುರದ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆಂದು ಸಿಂಧನೂರಿನಲ್ಲಿ ಹೊರಡುವ ಚಾಲಕನಿಗೂ ಮೊದಲೇ ಗೊತ್ತು. ಹಠಾತ್ತನೆ ಎದುರಾಗುವ ತಡೆ ಕೆಡಿಸುತ್ತದೆ. ಮೊದಲೇ ತಿಳಿದ ತಡೆಗೆ ವ್ಯಾಪಾರ ಹೊಂದಿಕೊಳ್ಳುತ್ತದೆ.

ರಸ್ತೆಯ ಭಾರದ ವಿಷಯವೂ ಇದೆ. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆಂಬುದು ರಸ್ತೆ ತಂತ್ರಜ್ಞಾನದ ಹಳೆಯ ತಿಳಿವು. ಘಟ್ಟದ ತಿರುವುಗಳಲ್ಲಿ, ಮಳೆಗಾಲದ ಸಡಿಲ ಮಣ್ಣಿನ ಮೇಲೆ ಇದರ ಪರಿಣಾಮವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚುವರಿ ಸರಕನ್ನು ಇಳಿಸಿಯೇ ವಾಹನ ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲೇ ಹೇಳಿದೆ. 2019ರ ತಿದ್ದುಪಡಿಯ ನಂತರ ಅತಿಭಾರಕ್ಕೆ 20,000 ರೂಪಾಯಿ ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ದಂಡ ವಸೂಲಿಯಾಗಿ ಭಾರ ಹಾಗೆಯೇ ಮುಂದೆ ಸಾಗಿದರೆ ಖಜಾನೆಗೆ ಲಾಭ, ಘಟ್ಟಕ್ಕೆ ನಷ್ಟ.

ಮೂರನೆಯದು ಕಣ್ಣಿಗೆ ಬೀಳದ ಸರಕು. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಫಿ ಕಾಯಿಕೊರಕ ವಯನಾಡಿಗೂ ಕೊಡಗಿಗೂ ಹಬ್ಬಿತು. ಸರಿಯಾಗಿ ಒಣಗದ ಬೀಜ, ಮರುಬಳಕೆಯ ಗೋಣಿಚೀಲ, ಅವುಗಳನ್ನು ಹೊತ್ತ ವಾಹನ, ಇವೇ ಅದರ ಪಲ್ಲಕ್ಕಿ. ಆಮದಾದ ಗೋಧಿಯೊಡನೆ ಬಂದಿತೆನ್ನಲಾಗುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಇಂದು ರಸ್ತೆಯಂಚುಗಳನ್ನೆಲ್ಲ ಆಕ್ರಮಿಸಿದೆ.

ದೇಶ ದೇಶಗಳ ನಡುವೆಯೂ ಇದೇ ಪ್ರಶ್ನೆಗಳಿವೆ. ಟಿಐಆರ್ ಒಪ್ಪಂದದಲ್ಲಿ ಹೊರಟ ಸ್ಥಳದಲ್ಲೇ ಸರಕನ್ನು ಪರೀಕ್ಷಿಸಿ ಮುದ್ರೆಯೊತ್ತುತ್ತಾರೆ. ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ಮುದ್ರೆಯನ್ನಷ್ಟೇ ನೋಡಿ ಬಿಡುತ್ತಾರೆ. ಭಾರತ 2017ರಲ್ಲಿ ಇದಕ್ಕೆ ಸೇರಿತು. 2015ರ ಜೂನ್ 15ರಂದು ಥಿಂಪುವಿನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳಗಳು ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ಭೂತಾನದ ಮೇಲ್ಮನೆ 2016ರಲ್ಲಿ ಅದನ್ನು ಒಪ್ಪಲಿಲ್ಲ. ಹೊರಗಿನ ವಾಹನಗಳ ದಟ್ಟಣೆಯನ್ನು ಆ ಪುಟ್ಟ ಗುಡ್ಡನಾಡಿನ ರಸ್ತೆ ಮತ್ತು ಪರಿಸರ ತಾಳಲಾರವೆಂಬ ಆತಂಕ ಅಲ್ಲಿ ಕೇಳಿಬಂದಿತ್ತು. ಗುಡ್ಡಗಾಡಿಗೆ ತನ್ನ ಧಾರಣಶಕ್ತಿಯನ್ನು ತಾನೇ ಅಳೆಯುವ ಹಕ್ಕಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದಾಗಿ, ತೂಕ, ತೇವಾಂಶ ಮತ್ತು ದಾಖಲೆಗಳ ಪರಿಶೀಲನೆ ಸಿಂಧನೂರು, ಲಿಂಗಸುಗೂರುಗಳ ಮಾರುಕಟ್ಟೆ ಪ್ರಾಂಗಣದಲ್ಲೇ ಮುಗಿಯಲಿ. ಅಲ್ಲಿಯ ಚೀಟಿಗೆ ನೆರೆರಾಜ್ಯವೂ ಮಾನ್ಯತೆ ಕೊಡಲಿ. ಎರಡನೆಯದಾಗಿ, ನಿರ್ಬಂಧ ಅನಿವಾರ್ಯವಾದರೆ ಕೊಯ್ಲಿಗೆ ಮುನ್ನವೇ ಎರಡೂ ರಾಜ್ಯಗಳು ಕೂತು ಪ್ರಕಟಿಸಲಿ. ಖರೀದಿ ಕೇಂದ್ರಗಳು ಕೊಯ್ಲಿನೊಡನೆಯೇ ತೆರೆಯಲಿ. ಮೂರನೆಯದಾಗಿ, ಬಂಡೀಪುರದ ರಾತ್ರಿ ನಿಷೇಧ ಹಾಗೆಯೇ ಉಳಿಯಲಿ. ಜೊತೆಗೆ ಕಾಡಿನಂಚಿನಲ್ಲಿ ಬೆಳಗಿಗೆ ಕಾಯುವ ಚಾಲಕರಿಗೆ ನಿಲ್ದಾಣ, ಕುಡಿಯುವ ನೀರು, ಶೌಚಾಲಯ ದೊರೆಯಲಿ. ಚಾಲಕನ ಕಷ್ಟವನ್ನು ಲೆಕ್ಕಕ್ಕಿಡದ ಪರಿಸರವಾದ ಬಹುಕಾಲ ಬಾಳದು. ನಾಲ್ಕನೆಯದಾಗಿ, ತೂಕದ ತಪಾಸಣೆ ಘಟ್ಟದ ಬುಡದಲ್ಲಿ ನಡೆದು, ಹೆಚ್ಚಾದ ಭಾರ ಅಲ್ಲಿಯೇ ಇಳಿಯಲಿ. ಕೊನೆಯದಾಗಿ, ಪ್ರತಿ ಶಾಲೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ತಮ್ಮೂರಿನ ರಸ್ತೆಯಂಚಿನ ಕಳೆಗಿಡಗಳ ಪಟ್ಟಿ ಮಾಡಲಿ. ಹೊಸ ಗಿಡವೊಂದು ಬಂದಿಳಿದದ್ದನ್ನು ಮೊದಲು ಕಾಣಬಲ್ಲವರು ದಿನವೂ ಆ ದಾರಿಯಲ್ಲಿ ನಡೆಯುವ ಮಕ್ಕಳೇ.

ಸಿಂಧನೂರಿನ ರೈತನೂ ಮಲೆನಾಡಿನ ರೈತನೂ ಒಂದೇ ಹೊಳೆಯ ಎರಡು ತುದಿಯವರು. ಒಬ್ಬನ ಭತ್ತ ದಾರಿಯಲ್ಲಿ ಕೆಡಬಾರದು, ಇನ್ನೊಬ್ಬನ ಗುಡ್ಡ ಆ ದಾರಿಯಿಂದ ಕುಸಿಯಬಾರದು. ಇವೆರಡನ್ನೂ ಒಟ್ಟಿಗೆ ಕಾಯುವ ನಿಯಮವನ್ನು ಇಬ್ಬರೂ ಸೇರಿಯೇ ಕೇಳಬೇಕಾಗಿದೆ.